ಆಪರೇಷನ್ ಆದಮೇಲೆ ಮನೆಯಲ್ಲೇ ಇಂಜೆಕ್ಷನ್: ಸೂಜಿ ಕಂಡರೆ ಜೀವ ಝಲ್ ಅನ್ನುವವರಿಗೆ ಹಂತ ಹಂತದ ಮಾರ್ಗದರ್ಶಿ

ಪುನರ್ವಸು ಮಳೆ ಹಿಡಿದಿತ್ತು. ಹಿತ್ತಲಿನ ಅಂಗಳ ಪೂರ್ತಿ ಪಾಚಿ. ಹಂಡೆ ಒಲೆಗೆ ಸೌದೆ ತರಲು ಹೋದವಳು ಜಾರಿ ಬಿದ್ದೆ. ಎಡಗಡೆ ಸೊಂಟದ ಮೂಳೆ ಮುರಿಯಿತು. ಮೂಡಿಗೆರೆ ಕಡೆಯ ನಮ್ಮ ಊರಿಂದ ಹಾಸನಕ್ಕೆ ಕರೆದುಕೊಂಡು ಹೋದರು. ಆಪರೇಷನ್ ಮಾಡಿ ಸೊಂಟದ ಕೀಲಿನ ಬಾಲ್ ಬದಲಾಯಿಸಿದರು. ವಾರದೊಳಗೆ ವಾಕರ್ ಹಿಡಿಸಿ ನಡೆಸಿದರು. ಅದೆಲ್ಲ ಹೇಗೋ ಆಯಿತು. ಡಿಸ್ಚಾರ್ಜ್ ದಿನ ಕೈಗೊಂದು ಚೀಲ ಕೊಟ್ಟರು ನೋಡಿ, ಅಲ್ಲಿಂದ ನನ್ನ ನಿಜವಾದ ಕಷ್ಟ ಶುರು. ಚೀಲದಲ್ಲಿ 28 ಸಿರಿಂಜ್, ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧಿ ತುಂಬಿದ್ದು.

"ದಿನಕ್ಕೊಂದು, ಹೊಟ್ಟೆಗೆ. ನೀವೇ ಹಾಕ್ಕೋಬಹುದು ಮೇಡಂ, ಸುಲಭ" ಅಂದರು ಸಿಸ್ಟರ್. ಎರಡು ನಿಮಿಷ ತೋರಿಸಿದರು. ಅಷ್ಟರಲ್ಲಿ ಪಕ್ಕದ ಬೆಡ್‌ನವರು ಕರೆದರು, ಹೋದರು.

ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಲಸಿಕೆ ಹಾಕುವವರು ಬಂದಾಗ ಮಕ್ಕಳಿಗೆ "ಇರುವೆ ಕಚ್ಚಿದಷ್ಟೇ" ಅಂತ ಧೈರ್ಯ ಹೇಳಿ ಸಾಲು ನಿಲ್ಲಿಸುತ್ತಿದ್ದೆ. ನಿಲ್ಲಿಸಿ, ನಾನು ಮಾತ್ರ ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದು ಸಲ ಲ್ಯಾಬಿನಲ್ಲಿ ರಕ್ತ ಕೊಡುವಾಗ ಕುರ್ಚಿಯಿಂದ ಕೆಳಗೇ ಬಿದ್ದಿದ್ದೇನೆ.

ಮನೆಗೆ ಬಂದ ಮೊದಲ ರಾತ್ರಿ ಸಿರಿಂಜ್ ಹಿಡಿದು ಒಂದು ಗಂಟೆ ಹತ್ತು ನಿಮಿಷ ಕೂತಿದ್ದೆ. ಕರೆಂಟ್ ಇರಲಿಲ್ಲ. ಎಮರ್ಜೆನ್ಸಿ ಲೈಟಿನ ಬೆಳಕಲ್ಲಿ ಸೂಜಿ ತುದಿಯ ಹನಿ ಮಾತ್ರ ಹೊಳೆಯುತ್ತಿತ್ತು. ಮೂರು ಸಲ ಹೊಟ್ಟೆ ಹತ್ತಿರ ಒಯ್ದೆ. ಮೂರು ಸಲವೂ ಕೈ ತಾನಾಗಿಯೇ ನಿಂತಿತು. ಕೊನೆಗೆ ಹಾಕಿಕೊಂಡೆ. ಚುಚ್ಚಿದ್ದು ಒಂದು ಕ್ಷಣ. ಆ ಒಂದು ಗಂಟೆ ಹತ್ತು ನಿಮಿಷ ಮಾತ್ರ ಇವತ್ತಿಗೂ ಮರೆತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹೆದರಿಕೆ ಹೋಗಲಿಲ್ಲ. 28ನೇ ದಿನವೂ ಇತ್ತು. ಒಂದು ಗಂಟೆ ಹತ್ತು ನಿಮಿಷ ಹಿಡಿದ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು, ಅಷ್ಟೇ. ಹೇಗೆ ಇಳಿಯಿತು ಅಂತ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಎಷ್ಟು, ಎಷ್ಟು ದಿನ, ಯಾವ ಹೊತ್ತು ಅನ್ನುವುದರಲ್ಲಿ ನಿಮ್ಮ ಡಾಕ್ಟರ್ ಮಾತೇ ಕೊನೆ.

ಯಾಕೆ ಇದನ್ನು ಬಿಡುವ ಹಾಗಿಲ್ಲ

ಸೊಂಟ, ಮಂಡಿ ಆಪರೇಷನ್ ಆದಮೇಲೆ ಓಡಾಟ ಕಡಿಮೆಯಾಗುತ್ತದೆ. ಆಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದನ್ನು ತಡೆಯಲು ಕೊಡುವುದೇ ಈ ಇಂಜೆಕ್ಷನ್. ಜಾಸ್ತಿ ಬಳಕೆಯಲ್ಲಿರುವುದು ಎನಾಕ್ಸಪರಿನ್. ಸಾಮಾನ್ಯವಾಗಿ 40 ಮಿಲಿಗ್ರಾಂ, ಅಂದರೆ 0.4 ಮಿಲಿಲೀಟರ್. ಟೀ ಚಮಚದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮಂಡಿಗಾದರೆ ಸುಮಾರು ಎರಡು ವಾರ, ಸೊಂಟಕ್ಕಾದರೆ 35 ದಿನದವರೆಗೂ ಕೊಡುವುದುಂಟು.

ಒಂದು ವಿಷಯ ಯಾರೂ ಹೇಳುವುದಿಲ್ಲ. ಎನಾಕ್ಸಪರಿನ್ ಅನ್ನು ಹಂದಿಯ ಕರುಳಿನಿಂದ ತೆಗೆದ ಹೆಪಾರಿನ್‌ನಿಂದ ಮಾಡುತ್ತಾರೆ. ನಿಮ್ಮ ಮನೆಯ ಆಚಾರಕ್ಕೆ ಅದು ಆಗದಿದ್ದರೆ ಆಪರೇಷನ್‌ಗೆ ಮುಂಚೆಯೇ ಡಾಕ್ಟರ್ ಹತ್ತಿರ ಬಾಯಿ ಬಿಟ್ಟು ಕೇಳಿ. ಫೊಂಡಪರಿನಕ್ಸ್ ಅಂತ ಪ್ರಾಣಿಮೂಲ ಇಲ್ಲದ ಇನ್ನೊಂದು ಔಷಧಿ ಇದೆ. ನಿಮಗೆ ಹೊಂದುತ್ತದೋ ಇಲ್ಲವೋ ಅವರು ಹೇಳುತ್ತಾರೆ.

ಮಲೆನಾಡಿನವರಿಗೆ ಈ ಔಷಧಿಯ ಕೆಲಸ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಲ್ಲಿ ನಾಲ್ಕು ಇಂಬಳ (ಜಿಗಣೆ) ಇರುತ್ತವೆ. ಕಿತ್ತು ಹಾಕಿದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಅಲ್ವಾ? ಇಂಬಳದ ಜೊಲ್ಲಿನಲ್ಲೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ. ನಾನು ಮೂವತ್ತು ವರ್ಷ ಇಂಬಳ ಕಚ್ಚಿಸಿಕೊಂಡಿದ್ದೇನೆ, ಕೂಗಿಕೊಂಡಿಲ್ಲ. ಅಂದಮೇಲೆ ನನ್ನ ಹೆದರಿಕೆ ನೋವಿನದ್ದಲ್ಲ, ರಕ್ತದ್ದೂ ಅಲ್ಲ. ಸೂಜಿಯದ್ದೇ. ಇದು ಗೊತ್ತಾದ ದಿನ ಒಂಥರಾ ಸಮಾಧಾನವಾಯಿತು. ಹಾಂ, ಈ ಇಂಜೆಕ್ಷನ್ ನಡೆಯುವಾಗ ಇಂಬಳ ಕಚ್ಚಿದರೆ ರಕ್ತ ಇನ್ನೂ ಹೆಚ್ಚು ಹೊತ್ತು ಸೋರಬಹುದು. ಒದ್ದೆ ಹುಲ್ಲಿಗೆ ಕಾಲಿಡಬೇಡಿ.

ಹಂತ 1: ನಿಮ್ಮ ಹೆದರಿಕೆ ಯಾವ ಜಾತಿಯದ್ದು ನೋಡಿಕೊಳ್ಳಿ

ಇದನ್ನು ಹಾರಿಸಿಬಿಡಬೇಡಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಕೆಲವರಿಗೆ ಸೂಜಿ ಕಂಡರೆ ಎದೆ ಡವಡವ, ಅಂಗೈ ಬೆವರು, ಎದ್ದು ಓಡೋಣ ಅನ್ನಿಸುವುದು. ಆದರೆ ಬೀಳುವುದಿಲ್ಲ. ಇವರು ಭಯಕ್ಕೆ ಗಟ್ಟಿಯಾಗುವವರು.

ಇನ್ನು ಕೆಲವರಿಗೆ ಮೊದಲು ಡವಡವ, ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ಇಳಿದುಹೋಗುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಹೊಟ್ಟೆ ತೊಳೆಸುತ್ತದೆ, ತುಟಿ ತಣ್ಣಗಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮೊದಲು ಏರಿ ಆಮೇಲೆ ಧಡಕ್ಕನೆ ಕುಸಿಯುವುದು ಇದಕ್ಕೆ ಕಾರಣ. ಹಾವು, ಎತ್ತರ, ಕತ್ತಲೆಗೆ ಹೆದರುವವರು ಹೀಗೆ ಎಚ್ಚರ ತಪ್ಪುವುದು ಅಪರೂಪ. ರಕ್ತ, ಸೂಜಿ, ಗಾಯದ ಹೆದರಿಕೆಯಲ್ಲಿ ಮಾತ್ರ ಇದು ಮಾಮೂಲು. ಮನೆತನದಲ್ಲೂ ಹರಿದು ಬರುತ್ತದೆ. ನಮ್ಮ ಅಪ್ಪನಿಗೂ ಇತ್ತು.

ಈಗ ಮುಖ್ಯ ವಿಷಯ. "ಕಣ್ಣು ಮುಚ್ಚಿ, ದೀರ್ಘ ಉಸಿರು ತಗೊಳ್ಳಿ, ಮೈ ಸಡಿಲ ಬಿಡಿ" ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. ಮೊದಲನೇ ಜಾತಿಯವರಿಗೆ ಅದು ಸರಿ. ಎರಡನೇ ಜಾತಿಯವರಿಗೆ ಅದೇ ಎಡವಟ್ಟು, ಯಾಕೆಂದರೆ ಮೈ ಸಡಿಲ ಬಿಟ್ಟರೆ ಬಿಪಿ ಇನ್ನೂ ಇಳಿಯುತ್ತದೆ. ನನಗೆ ಅರವತ್ತು ಹತ್ತಿರವಾಗುವವರೆಗೂ ಎಲ್ಲರೂ ಸಡಿಲ ಬಿಡು ಅಂತಲೇ ಹೇಳಿದರು. ನಾನು ಸಡಿಲ ಬಿಟ್ಟು ಬೀಳುತ್ತಲೇ ಇದ್ದೆ.

ಇವೆರಡರ ಜೊತೆಗೆ ಇನ್ನೊಂದಿದೆ. ಬೇರೆಯವರು ಚುಚ್ಚಿದರೆ ತಡೆದುಕೊಳ್ಳುತ್ತಾರೆ, ತಮ್ಮ ಮೈಗೆ ತಾವೇ ಚುಚ್ಚಿಕೊಳ್ಳುವುದು ಆಗುವುದಿಲ್ಲ. ಇದು ಯಾರಿಗಾದರೂ ಆಗುವಂಥದ್ದು. ಹಂತ 4ರಲ್ಲಿ ಹೇಳಿದ ಅಭ್ಯಾಸಕ್ಕೆ ಬಗ್ಗುತ್ತದೆ.

ಹಂತ 2: ಕಣ್ಣು ಕತ್ತಲೆ ಬರುವವರು ಕಲಿಯಬೇಕಾದ ಬಿಗಿ ಹಿಡಿಯುವ ವಿದ್ಯೆ

ಇದನ್ನು ನನಗೆ ಕಲಿಸಿದ್ದು ಪಕ್ಕದ ತೋಟದ ಮನೆಯ ಸೊಸೆ. ಅವಳು ಸ್ಟಾಫ್ ನರ್ಸ್. ಎರಡನೇ ದಿನ ನೋಡಲು ಬಂದವಳು ನನ್ನ ಮುಖ ನೋಡಿ, "ಆಂಟಿ, ನೀವು ತಲೆ ತಿರುಗಿ ಬೀಳೋ ಪೈಕಿನಾ?" ಅಂತ ಕೇಳಿದಳು. ಹೌದು ಅಂದೆ. "ಹಾಗಾದ್ರೆ ಉಸಿರಾಟ ಬಿಡಿ, ಮುಷ್ಟಿ ಕಟ್ಟಿ" ಅಂದಳು.

ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮಾಡುವುದು ಹೀಗೆ:

ಆರಾಮಾಗಿ ಒರಗಿ ಕೂರಿ. ಎರಡೂ ಮುಷ್ಟಿ ಕಟ್ಟಿ, ತೋಳು ಬಿಗಿ ಮಾಡಿ. ಚೆನ್ನಾಗಿರುವ ಕಾಲಿನ ತೊಡೆಯನ್ನೂ ಬಿಗಿ ಮಾಡಿ. 10ರಿಂದ 15 ಸೆಕೆಂಡ್ ಹಾಗೇ ಹಿಡಿಯಿರಿ. ಮುಖ ಬೆಚ್ಚಗಾದ ಹಾಗೆ ಅನ್ನಿಸಬೇಕು, ಅದೇ ಗುರುತು. ಆಮೇಲೆ ಬಿಡಿ, ಆದರೆ ಪೂರ್ತಿ ಜೋತು ಬೀಳುವಷ್ಟಲ್ಲ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. 20ರಿಂದ 30 ಸೆಕೆಂಡ್ ಬಿಟ್ಟು ಮತ್ತೆ ಬಿಗಿ ಮಾಡಿ. ಹೀಗೆ ಐದು ಸಲ.

ಉಸಿರು ಕಟ್ಟಬೇಡಿ. ಬಿಗಿ ಹಿಡಿಯುವಾಗ ಎಲ್ಲರೂ ಮಾಡುವ ತಪ್ಪು ಅದೇ. ಬಾಯಿಬಿಟ್ಟು ಒಂದು, ಎರಡು, ಮೂರು ಅಂತ ಎಣಿಸಿದರೆ ಉಸಿರು ತಾನಾಗಿಯೇ ಆಡುತ್ತದೆ. ಆಪರೇಷನ್ ಆದ ಭಾಗವನ್ನು ಬಿಗಿ ಮಾಡಬಾರದು. ಹೊಟ್ಟೆ ಆಪರೇಷನ್ ಆಗಿದ್ದರೆ ಹೊಟ್ಟೆ ಬಿಗಿ ಹಿಡಿಯುವ ಹಾಗಿಲ್ಲ, ತೋಳು ಮಾತ್ರ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮಾಡಿ.

ದಿನಕ್ಕೆ ನಾಲ್ಕೈದು ಸಲ, ಸೂಜಿ ಮುಂದೆ ಇಲ್ಲದಾಗಲೇ ಅಭ್ಯಾಸ ಮಾಡಿ. ನಾನು ಟಿವಿ ಧಾರಾವಾಹಿಯ ಜಾಹೀರಾತಿನ ಹೊತ್ತಿಗೆ ಮಾಡುತ್ತಿದ್ದೆ. ಚುಚ್ಚಿಕೊಳ್ಳುವ ಮುಂಚೆ ಐದು ಸಲ ಮಾಡಿ. ಆಮೇಲೆ ಒಂದು ಎಚ್ಚರ: ಚುಚ್ಚುವ ಕ್ಷಣದಲ್ಲಿ ಹೊಟ್ಟೆ ಬಿಗಿ ಇರಬಾರದು, ಇದ್ದರೆ ನೋವು ಜಾಸ್ತಿ. ಕೈಕಾಲು ಬಿಗಿ, ಹೊಟ್ಟೆ ಸಡಿಲ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಬೀಳದೆ ಬರೀ ನಡುಗುವ ಜಾತಿಯವರು ಇದನ್ನು ಬಿಟ್ಟು ಉಸಿರಾಟ ಮಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ.

ಹಂತ 3: ಆಸ್ಪತ್ರೆ ಬಿಡುವ ಮುಂಚೆ

ನಾನು ಮಾಡದೆ ಕೆಟ್ಟದ್ದು ಇದು. ಬೆಡ್‌ನಲ್ಲಿರುವಾಗ ದಿನಾ ಸಿಸ್ಟರ್ ಬಂದು ಹಾಕುತ್ತಿದ್ದರು, ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಏಳು ಅವಕಾಶ ಹಾಳು ಮಾಡಿಕೊಂಡೆ. ಕೊನೆಯ ಎರಡು ಡೋಸನ್ನಾದರೂ ಸಿಸ್ಟರ್ ಎದುರಿಗೇ ನೀವೇ ಹಾಕಿಕೊಳ್ಳಿ. "ನನಗೆ ಸೂಜಿ ಅಂದ್ರೆ ಭಯ, ತಲೆ ತಿರುಗುತ್ತೆ" ಅಂತ ನಾಚಿಕೆ ಬಿಟ್ಟು ಹೇಳಿ. ಅವರಿಗೆ ಇದು ಹೊಸದಲ್ಲ.

ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲೇ ಅಂತ ಅವರನ್ನೇ ಕೇಳಿ. ಕಾಗದದಲ್ಲಿ ಬರೆಸಿಕೊಳ್ಳಬೇಕಾದದ್ದು: ಔಷಧಿಯ ಹೆಸರು, ಎಷ್ಟು ದಿನ, ಎಷ್ಟು ಹೊತ್ತಿಗೆ, ಮರೆತರೆ ಏನು ಮಾಡಬೇಕು, ರಾತ್ರಿ ಫೋನ್ ಮಾಡಬೇಕಾದರೆ ಯಾವ ನಂಬರ್. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಇಷ್ಟನ್ನು ಕನ್ನಡದಲ್ಲಿ ಬೇರೆಯಾಗಿ ಬರೆದು ಗೋಡೆಗೆ ಅಂಟಿಸಿ.

ಎಲ್ಲ ಸಿರಿಂಜನ್ನೂ ಒಟ್ಟಿಗೇ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಮಳೆಗೆ ಮರ ಬಿದ್ದು ರಸ್ತೆ ಕಟ್ಟಾದರೆ ಪೇಟೆಯ ಮೆಡಿಕಲ್ ಶಾಪಿಗೆ ಹೋಗುವುದು ಹೇಗೆ? ಫ್ರಿಜ್‌ನಲ್ಲಿ ಇಡಬೇಕೋ ಬೇಡವೋ ಡಬ್ಬಿಯ ಮೇಲೆ ಇರುತ್ತದೆ. ಎನಾಕ್ಸಪರಿನ್‌ಗೆ ಸಾಮಾನ್ಯವಾಗಿ ಫ್ರಿಜ್ ಬೇಡ, ಒಲೆಯ ಬಿಸಿ ತಾಗದ ತಂಪು ಜಾಗ ಸಾಕು. ಹೆಪ್ಪುಗಟ್ಟುವಷ್ಟು ತಣ್ಣಗಂತೂ ಆಗಲೇಬಾರದು.

ಹಂತ 4: ಸೂಜಿಯ ಪರಿಚಯ ಮಾಡಿಕೊಳ್ಳಿ

ಮೆಡಿಕಲ್ ಶಾಪಿನಿಂದ ಒಂದು ಖಾಲಿ ಸಿರಿಂಜ್ ತರಿಸಿ, ಸಣ್ಣ ಸೂಜಿಯದ್ದು. ಔಷಧಿ ತುಂಬಿದ ಸಿರಿಂಜಿನಲ್ಲಿ ಆಟ ಬೇಡ.

ಮೊದಲು ಅದನ್ನು ಕವರ್ ಸಮೇತ ಟೇಬಲ್ ಮೇಲೆ ಇಡಿ. ದಿನವಿಡೀ ಅಲ್ಲೇ ಇರಲಿ. ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಬರೆದುಕೊಳ್ಳಿ. ನನ್ನದು ಮೊದಲು ಏಳು ಇತ್ತು. ಐದಕ್ಕೆ ಇಳಿದ ಮೇಲೆ ಕವರ್ ಬಿಚ್ಚಿ ಕೈಯಲ್ಲಿ ಹಿಡಿದೆ. ಮತ್ತೆ ಎಂಟಕ್ಕೆ ಹೋಯಿತು. ಹಾಗೇ ಹಿಡಿದುಕೊಂಡು ಕಾದೆ, ಹತ್ತು ಹದಿನೈದು ನಿಮಿಷಕ್ಕೆ ತಾನಾಗಿಯೇ ಇಳಿಯಿತು. ಏರಿದ ಹೆದರಿಕೆ ಇಳಿಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ಏರಿದಾಗಲೇ ಕೆಳಗಿಟ್ಟು ಎದ್ದು ಹೋದರೆ ಮುಂದಿನ ಸಲ ಇನ್ನೂ ಜಾಸ್ತಿಯಾಗುತ್ತದೆ. ಎರಡನೇ ಜಾತಿಯವರು ಇದನ್ನೂ ಕೈಕಾಲು ಬಿಗಿ ಹಿಡಿಯುತ್ತಲೇ ಮಾಡಬೇಕು.

ಆಮೇಲೆ ಮೂಸಂಬಿ. ರೋಗಿ ನೋಡಲು ಬಂದವರೆಲ್ಲ ತಂದ ಮೂಸಂಬಿ ನಮ್ಮ ಮನೆಯಲ್ಲಿ ರಾಶಿ ಬಿದ್ದಿತ್ತು. ಅದಕ್ಕೆ ಒಂದೇ ಏಟಿಗೆ ನೇರವಾಗಿ ಚುಚ್ಚಿ. ಮೊದಲ ಐದು ಹಣ್ಣಿಗೆ ನಾನು ಒತ್ತಿ ಒತ್ತಿ ಮೆಲ್ಲಗೆ ತೂರಿಸಿದೆ. ಪಕ್ಕದ ಮನೆಯ ಆ ನರ್ಸ್ ಹುಡುಗಿ ನಕ್ಕು, "ಹೀಗೆ ಮಾಡಿದ್ರೆ ನಿಮ್ಮ ಹೊಟ್ಟೆಗೂ ಹೀಗೇ ಆಗುತ್ತೆ" ಅಂದಳು. ಹತ್ತನೇ ಹಣ್ಣಿನ ಹೊತ್ತಿಗೆ ಕೈಗೆ ಅಳತೆ ಸಿಕ್ಕಿತು. ಚುಚ್ಚಿದ ಹಣ್ಣು ತಿನ್ನಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಆ ಸೂಜಿ ಮೈಗೆ ತಾಗುವ ಹಾಗೇ ಇಲ್ಲ.

ಸೂಜಿಯನ್ನು ಹತ್ತಿರದಿಂದ ನೋಡಿ. ಔಷಧಿ ಸಿರಿಂಜಿನ ಸೂಜಿ ಹೆಚ್ಚುಕಡಿಮೆ ಅರ್ಧ ಇಂಚು ಉದ್ದ, ದಪ್ಪ ಸುಮಾರು 0.4 ಮಿಲಿಮೀಟರ್. ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿಯ ಅರ್ಧದಷ್ಟು. ಇದು ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ ಮಾತ್ರ. ನರ ಹುಡುಕಬೇಕಾಗಿಲ್ಲ, ಕರುಳಿಗೆ ತಾಗುವುದಿಲ್ಲ. ನಮ್ಮ ಹೊಟ್ಟೆಯ ಬೊಜ್ಜು ಪ್ರಯೋಜನಕ್ಕೆ ಬಂದ ಒಂದೇ ಸಂದರ್ಭ ಇದು.

ಹಂತ 5: ಹೊತ್ತು ಮತ್ತು ಜಾಗ

ದಿನಾ ಒಂದೇ ಹೊತ್ತು. ನಾನು ಮೊದಲು ರಾತ್ರಿ ಒಂಬತ್ತು ಇಟ್ಟುಕೊಂಡಿದ್ದೆ, ತಪ್ಪಾಯಿತು. ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಯೋಚನೆ. ಡಾಕ್ಟರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡೆ. ತಿಂಡಿ ತಿಂದು, ಕಾಫಿ ಕುಡಿದು, ಎಂಟೂವರೆಗೆ. ಖಾಲಿ ಹೊಟ್ಟೆಯಲ್ಲಿ ಬೇಡ, ತಲೆ ಸುತ್ತುವವರಿಗೆ ಇನ್ನೂ ಸುತ್ತುತ್ತದೆ. ಹೊತ್ತು ಬದಲಿಸುವುದಾದರೆ ನೀವೂ ಕೇಳಿಯೇ ಬದಲಿಸಿ. ಎರಡು ಡೋಸಿನ ನಡುವೆ ಅಂತರ ಇರಬೇಕು.

ಬೆಳಕು ಚೆನ್ನಾಗಿರುವ ಜಾಗ ಬೇಕು. ಮಂಚದ ಮೇಲೆ ದಿಂಬು ಇಟ್ಟು ಅರ್ಧ ಒರಗಿ ಕೂತರೆ ಹೊಟ್ಟೆಯೂ ಕಾಣುತ್ತದೆ, ಕಣ್ಣು ಕತ್ತಲೆ ಬಂದರೂ ಬೀಳುವುದಿಲ್ಲ. ಸೊಂಟದ ಬಾಲ್ ಬದಲಾಯಿಸಿಕೊಂಡವರು ಮುಂದಕ್ಕೆ ಜಾಸ್ತಿ ಬಗ್ಗಬಾರದು, ತಗ್ಗು ಸ್ಟೂಲ್ ಮೇಲೆ ಕೂರಬಾರದು. ಆದ್ದರಿಂದ ಸಾಮಾನೆಲ್ಲ ಕೈಗೆ ಸಿಗುವ ಎತ್ತರದಲ್ಲಿರಲಿ. ನಿಂತುಕೊಂಡಂತೂ ಬೇಡವೇ ಬೇಡ.

ಒಂದು ಸ್ಟೀಲ್ ತಟ್ಟೆಯಲ್ಲಿ ಸಿರಿಂಜ್, ಸ್ಪಿರಿಟ್ ಹತ್ತಿ, ಒಣ ಹತ್ತಿ, ಸೂಜಿ ಹಾಕುವ ಡಬ್ಬ. ತಟ್ಟೆಯನ್ನು ಮನೆಯವರು ಎಂಟು ಇಪ್ಪತ್ತೈದಕ್ಕೆ ತಂದಿಡಬೇಕು, ಅದಕ್ಕೆ ಮುಂಚೆ ಅಲ್ಲ. ಕಾಯುವ ಹೊತ್ತನ್ನು ಕತ್ತರಿಸುವುದೇ ಇಲ್ಲಿನ ಉಪಾಯ.

ಹಂತ 6: ಚುಚ್ಚಿಕೊಳ್ಳುವುದು

ಸೋಪಿನಲ್ಲಿ ಕೈ ತೊಳೆಯಿರಿ. ಬಿಗಿ ಹಿಡಿಯುವವರು ಐದು ಸುತ್ತು ಮುಗಿಸಿ.

ಜಾಗ ಆರಿಸಿ. ಹೊಕ್ಕಳಿನಿಂದ ಕನಿಷ್ಠ 5 ಸೆಂಟಿಮೀಟರ್, ಅಂದರೆ ಎರಡು ಇಂಚು ದೂರ, ಪಕ್ಕೆಯ ಕಡೆಗೆ. ಇವತ್ತು ಎಡ ಆದರೆ ನಾಳೆ ಬಲ. ಗೋಡೆ ಕ್ಯಾಲೆಂಡರ್‌ನಲ್ಲಿ ನಾನು 'ಎ', 'ಬ' ಅಂತ ಬರೆಯುತ್ತಿದ್ದೆ. ಹೊಲಿಗೆ, ಹಳೇ ಗಾಯದ ಕಲೆ, ನೀಲಿಗಟ್ಟಿದ ಜಾಗ ಬಿಟ್ಟುಬಿಡಿ.

ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಒಣಗಲು ಬಿಡಿ. ಒದ್ದೆ ಇದ್ದಾಗ ಚುಚ್ಚಿದರೆ ಉರಿಯುತ್ತದೆ. "ಔಷಧಿ ಉರೀತು" ಅಂತ ಹೇಳುವವರಲ್ಲಿ ಅರ್ಧ ಜನಕ್ಕೆ ಉರಿದದ್ದು ಸ್ಪಿರಿಟ್ ಇರಬೇಕು ಅಂತ ನನ್ನ ಅನುಮಾನ.

ಸೂಜಿಯ ಮುಚ್ಚಳವನ್ನು ನೇರವಾಗಿ ಎಳೆದು ತೆಗೆಯಿರಿ, ತಿರುಚಬೇಡಿ. ಒಳಗೆ ಒಂದು ಗಾಳಿಗುಳ್ಳೆ ಕಾಣುತ್ತದೆ. ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು, ಗಾಳಿ ಹೋದರೆ ಸಾಯುತ್ತಾರೆ ಅಂತ ಕೇಳಿದ್ದೆನಲ್ಲ! ಇದು ರಕ್ತನಾಳಕ್ಕೆ ಹೋಗುವ ಇಂಜೆಕ್ಷನ್ ಅಲ್ಲ. ಪೂರ್ತಿ ಡೋಸ್ ತುಂಬಿಸಿ ಬಂದ ಎನಾಕ್ಸಪರಿನ್ ಸಿರಿಂಜಿನಲ್ಲಿ ಆ ಗುಳ್ಳೆಯನ್ನು ಹೊರಗೆ ಹಾಕಬಾರದು. ಹಾಕಲು ಹೋದರೆ ಔಷಧಿಯೇ ಚೆಲ್ಲಿಹೋಗುತ್ತದೆ. ಸೂಜಿ ಕೆಳಗೆ ಮಾಡಿ ಹಿಡಿದರೆ ಗುಳ್ಳೆ ಮೇಲಕ್ಕೆ ಹೋಗಿ, ಕೊನೆಯ ಹನಿ ಔಷಧಿಯನ್ನು ಒಳಗೆ ತಳ್ಳುತ್ತದೆ. ಸಿರಿಂಜಿನಲ್ಲಿ ಇರುವುದಕ್ಕಿಂತ ಕಡಿಮೆ ಡೋಸ್ ಬರೆದಿದ್ದರೆ ಮಾತ್ರ ಸಿಸ್ಟರ್ ಹೇಳಿಕೊಟ್ಟ ಹಾಗೆ ಮಾಡಿ. ಸೂಜಿ ತುದಿಯಲ್ಲಿ ಹನಿ ನೇತಾಡುತ್ತಿದ್ದರೆ, ಸೂಜಿ ಕೆಳಮುಖವಾಗಿಯೇ ಇರಲಿ, ಸಿರಿಂಜನ್ನು ಮೆಲ್ಲಗೆ ತಟ್ಟಿ ಬೀಳಿಸಿ. ಹನಿ ಇದ್ದರೆ ಚರ್ಮ ನೀಲಿಗಟ್ಟುವುದು ಜಾಸ್ತಿ.

ಎಡಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಹೊಟ್ಟೆಯ ಚರ್ಮವನ್ನು ಮಡಿಕೆ ಹಿಡಿಯಿರಿ. ಮೆದು ಹಿಟ್ಟು ಹಿಡಿದ ಹಾಗೆ, ಚಿವುಟುವ ಹಾಗಲ್ಲ. ಬಲಗೈಯಲ್ಲಿ ಸಿರಿಂಜ್ ಪೆನ್ನಿನ ಹಾಗೆ. ಮಡಿಕೆಗೆ ನೇರವಾಗಿ, ಓರೆ ಮಾಡದೆ, ಒಂದೇ ಸಲಕ್ಕೆ ಸೂಜಿ ಪೂರ್ತಿ ಒಳಗೆ ಹೋಗಬೇಕು.

ಇಲ್ಲೇ ಕೈ ನಿಲ್ಲುವುದು. ಒಂದು, ಎರಡು, ಮೂರು ಅಂತ ಎಣಿಸಿದರೆ ಮೂರಕ್ಕೆ ಬಂದು ನಿಂತುಬಿಡುತ್ತದೆ, ನನಗೆ ಅನುಭವವಾಗಿದೆ. ಅದಕ್ಕೆ ನಾನು ಮಗ್ಗಿ ಹಿಡಿದೆ. ಹದಿಮೂರರದ್ದು, ಯಾಕೆಂದರೆ ಅದಕ್ಕೆ ಸ್ವಲ್ಪ ತಲೆ ಓಡಿಸಬೇಕು. ಗಟ್ಟಿಯಾಗಿ ಹೇಳುತ್ತಾ ಹೋಗುವುದು. "ಹದಿಮೂರ್ ನಾಕ್ಲ ಐವತ್ತೆರಡು" ಅನ್ನುವಾಗ ಚುಚ್ಚುವುದು. ದಿನಾ ಅಲ್ಲೇ. ಯಾವಾಗ ಚುಚ್ಚಬೇಕು ಅಂತ ಆ ಕ್ಷಣದಲ್ಲಿ ತೀರ್ಮಾನ ಮಾಡುವ ಕೆಲಸವೇ ಇಲ್ಲ, ಅದನ್ನು ಮಗ್ಗಿಗೆ ಬಿಟ್ಟುಬಿಟ್ಟಿದ್ದೆ. ನಿಮಗೆ ಭಜನೆ ಬರುತ್ತಿದ್ದರೆ ಭಜನೆ, ಪದ್ಯ ಬರುತ್ತಿದ್ದರೆ ಪದ್ಯ. ಜಾಗ ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

ಚರ್ಮ ದಾಟುವಾಗ ಸಣ್ಣದೊಂದು 'ಟಪ್' ಅಂತ ಬೆರಳಿಗೆ ಗೊತ್ತಾಗುತ್ತದೆ. ಕೆಲವು ದಿನ ಅದೂ ಗೊತ್ತಾಗುವುದಿಲ್ಲ. ಮಡಿಕೆ ಬಿಡಬೇಡಿ. ಈಗ ಮೆಲ್ಲಗೆ ಔಷಧಿ ತಳ್ಳಿ. ಚುಚ್ಚುವುದು ಬೇಗ, ತಳ್ಳುವುದು ನಿಧಾನ. "ಹದಿಮೂರ್ ಐದ್ಲ ಅರವತ್ತೈದು" ಇಂದ "ಹದಿಮೂರ್ ಹತ್ಲ ನೂರಮೂವತ್ತು" ಮುಗಿಯುವವರೆಗೆ, ಸುಮಾರು ಅರ್ಧ ನಿಮಿಷ. ನಿಧಾನ ತಳ್ಳಿದ ದಿನ ನೋವೂ ಕಡಿಮೆ, ನೀಲಿಗಟ್ಟುವುದೂ ಕಡಿಮೆ. ಔಷಧಿ ಹೋಗುವಾಗ ಸ್ವಲ್ಪ ಉರಿ ಬರುತ್ತದೆ, ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿದ ಹಾಗೆ. ಎರಡು ಮೂರು ನಿಮಿಷಕ್ಕೆ ಹೋಗುತ್ತದೆ.

ನೇರವಾಗಿ ಸೂಜಿ ಹೊರಗೆ ತೆಗೆದು, ಆಮೇಲೆ ಮಡಿಕೆ ಬಿಡಿ. ಸೂಜಿ ತಾನೇ ಮುಚ್ಚಿಕೊಳ್ಳುವ ಸಿರಿಂಜ್ ಆದರೆ, ಯಾರ ಕಡೆಗೂ ತಿರುಗಿಸದೆ ಪಿಸ್ಟನ್ ಜೋರಾಗಿ ಒತ್ತಿ, ಕ್ಲಿಕ್ ಅನ್ನುತ್ತದೆ. ಒಣ ಹತ್ತಿ ಇಟ್ಟು ಸುಮ್ನೆ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಉಜ್ಜುವುದು ನಮ್ಮ ಕೈಗೆ ಹುಟ್ಟಿನಿಂದ ಬಂದ ಚಾಳಿ, ಆದರೆ ಇಲ್ಲಿ ಉಜ್ಜಿದರೆ ಬದನೆಕಾಯಿ ಬಣ್ಣ ಬರುತ್ತದೆ.

ಹತ್ತು ನಿಮಿಷ ಏಳಬೇಡಿ.

ನೋವು ಕಡಿಮೆ ಮಾಡುವ ಸಣ್ಣ ಉಪಾಯಗಳು

ಚುಚ್ಚುವ ಮುಂಚೆ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಇಟ್ಟರೆ ಚರ್ಮ ಮರಗಟ್ಟುತ್ತದೆ. ನನಗೆ ಇದೇ ಸಾಕಾಯಿತು. ಲಿಗ್ನೊಕೇನ್, ಪ್ರಿಲೊಕೇನ್ ಎರಡೂ ಇರುವ ಮರಗಟ್ಟಿಸುವ ಕ್ರೀಮ್ ಕೂಡ ಇದೆ. ಅದನ್ನು ಒಂದು ಗಂಟೆ ಮುಂಚೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಬೇಕು. ಡಾಕ್ಟರನ್ನು ಕೇಳಿ ತರಿಸಿ. ಒಂದು ಗಂಟೆ ಮುಂಚೆ ಹಚ್ಚುವುದೆಂದರೆ ಒಂದು ಗಂಟೆ ಮುಂಚೆಯಿಂದಲೇ ಯೋಚನೆ ಶುರು, ನನ್ನಂಥವರಿಗೆ ಅದು ನಷ್ಟದ ಬಾಬತ್ತು.

ಮನೆಯವರಿಗೆ ಎರಡು ಮಾತು

ನಮ್ಮವರು ತೋಟದಲ್ಲಿ ಹಾವು ಬಂದರೆ ಕೋಲಲ್ಲಿ ಎತ್ತಿ ಆಚೆ ಬಿಡುವ ಆಸಾಮಿ. ಸಿರಿಂಜ್ ಕೊಟ್ಟರೆ ಕೈ ನಡುಗಿತು. ಹಾಗೆ ನಡುಗುವವರು ಚುಚ್ಚಲು ಬರುವುದೇ ಬೇಡ. ಬೇರೆ ಕೆಲಸ ಇದೆ. ತಟ್ಟೆ ತಂದಿಡಿ, ಡಬ್ಬ ಹಿಡಿಯಿರಿ, ಮಗ್ಗಿ ತಪ್ಪಿದರೆ ತಿದ್ದಿ.

"ಇಷ್ಟಕ್ಕೆಲ್ಲ ಹೆದರ್ತೀಯಾ", "ಚಿಕ್ಕ ಮಕ್ಕಳೇ ಹಾಕಿಸ್ಕೊಳ್ತಾರೆ" ಅಂತ ಹೇಳಬೇಡಿ. ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೋ, ಈಗ ಪಶ್ಚಾತ್ತಾಪವಿದೆ. "ಬೇಗ ಬೇಗ" ಅನ್ನುವುದೂ ಬೇಡ. ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ "ಅಮ್ಮಾ ಹಾಕ್ಕೊಂಡ್ಯಾ, ತೋರ್ಸು" ಅನ್ನುವ ಮಕ್ಕಳು ಒಂಬತ್ತು ಗಂಟೆ ಮೇಲೆ ಮಾಡಲಿ.

ಸೂಜಿ ಎಲ್ಲಿ ಹಾಕುವುದು

ಕಸದ ಬುಟ್ಟಿಗೆ ಬೇಡ, ಹಂಡೆ ಒಲೆಗೂ ಬೇಡ, ತೋಟದ ಗುಂಡಿಗಂತೂ ಬೇಡವೇ ಬೇಡ. ಕೆಲಸದವರ ಕಾಲಿಗೆ ಚುಚ್ಚುತ್ತದೆ. ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಬೆರಳಿಗೆ ಚುಚ್ಚಿಕೊಳ್ಳುವುದು ಆಗಲೇ. ಡಬ್ಬ ಮುಕ್ಕಾಲು ತುಂಬಿದ ಮೇಲೆ ಮುಚ್ಚಿ ಟೇಪ್ ಸುತ್ತಿ, ಮುಂದಿನ ಚೆಕಪ್‌ಗೆ ಹೋಗುವಾಗ ಆಸ್ಪತ್ರೆಗೆ ಕೊಡಿ. ಅವರ ಹತ್ತಿರ ಸೂಜಿಗೇ ಬೇರೆ ಡಬ್ಬ ಇರುತ್ತದೆ. ನಮ್ಮವರು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಸೂಜಿ ಇದೆ, ಕೈ ಹಾಕಬೇಡಿ" ಅಂತ ಬರೆದಿದ್ದರು. ಹಾರ್ಲಿಕ್ಸ್ ಡಬ್ಬ ಆದ್ದರಿಂದ ಬರೆಯಲೇಬೇಕಿತ್ತು.

ಆಗಲೇ ಇಲ್ಲ ಅಂದರೆ

ಕೆಲವರಿಗೆ ಏನು ಮಾಡಿದರೂ ಆಗುವುದಿಲ್ಲ. ಪರವಾಗಿಲ್ಲ, ಆದರೆ ಡೋಸ್ ಬಿಟ್ಟು ಸುಮ್ಮನಿರಬೇಡಿ. "ಹಾಕ್ಕೊಂಡೆ" ಅಂತ ಸುಳ್ಳು ಹೇಳಿ ಸಿರಿಂಜ್ ಬಚ್ಚಿಡಬೇಡಿ. ನಾನು ಮೂರನೇ ದಿನ ಹಾಗೆ ಮಾಡಲು ಹೊರಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕ್ಲಿನಿಕ್‌ನಲ್ಲೋ ಹಾಕಿಕೊಡುತ್ತಾರಾ ಕೇಳಿ. ಊರಿನ ಆಶಾ ಕಾರ್ಯಕರ್ತೆಗೆ ಯಾರು ಹಾಕಿಕೊಡುತ್ತಾರೆ ಅಂತ ಗೊತ್ತಿರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆಗಳೂ ಇವೆ. ಕೆಲವರಿಗೆ ಆಗುತ್ತವೆ, ಎಲ್ಲರಿಗೂ ಅಲ್ಲ. ಡಾಕ್ಟರ್ ಬದಲಾಯಿಸಿದರೆ ಸರಿ, ನೀವೇ ಬದಲಾಯಿಸಬೇಡಿ.

ಒಂದು ಡೋಸ್ ಮರೆತರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಎರಡು ಡೋಸ್ ಒಟ್ಟಿಗೆ ಯಾವತ್ತೂ ಬೇಡ.

ಭಯ ತೀರಾ ಜಾಸ್ತಿಯಾಗಿ ನಿದ್ದೆ ಊಟ ಬಿಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸೂಜಿ ಭಯಕ್ಕೆಲ್ಲ ಫೋನ್ ಮಾಡುವುದಾ ಅಂತ ಸಂಕೋಚ ಬೇಡ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಚುಚ್ಚಿದ ಜಾಗದಲ್ಲಿ ನೀಲಿ ಕಲೆ, ಒಂದು ಹನಿ ರಕ್ತ, ಸಣ್ಣ ಗಂಟು ಮಾಮೂಲು. ಎರಡನೇ ವಾರಕ್ಕೆ ನನ್ನ ಹೊಟ್ಟೆ ನೇರಳೆ ಹಣ್ಣು ಜಜ್ಜಿದ ಹಾಗೆ ಕಾಣುತ್ತಿತ್ತು. ಎಲ್ಲ ಹೋಯಿತು.

ಆದರೆ ವಸಡು, ಮೂಗಿನಲ್ಲಿ ನಿಲ್ಲದ ರಕ್ತ, ಮೂತ್ರದಲ್ಲಿ ರಕ್ತ, ಟಾರಿನ ಹಾಗೆ ಕಪ್ಪು ಮಲ, ಹೊಲಿಗೆಯಿಂದ ರಕ್ತ ಸೋರುವುದು, ತಲೆಗೆ ಪೆಟ್ಟು, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಕಾ‍ಯಬೇಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ್ದರೆ, ಬೆನ್ನು ನೋವಿನ ಜೊತೆ ಕಾಲು ಜೋಮು ಹಿಡಿಯುವುದು, ಬಲ ಕಳೆದುಕೊಳ್ಳುವುದು ಕಂಡ ತಕ್ಷಣ ಹೇಳಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಎದೆ ನೋವು, ಕೆಮ್ಮಿದಾಗ ರಕ್ತ, ಇವು ಹೆಪ್ಪುಗಟ್ಟಿದ್ದರ ಲಕ್ಷಣ ಇರಬಹುದು. 108ಕ್ಕೆ ಫೋನ್ ಮಾಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆ ತಂದು ನೀವೇ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಬೈದರೆ ಬೈಸಿಕೊಳ್ಳಿ.

ಫೋನ್ ವಿಷಯ ಬಂತಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಬಲ ಮೂಲೆಯಲ್ಲಿ ಮಾತ್ರ, ಮಳೆಗಾಲದಲ್ಲಿ ಅದೂ ಅನುಮಾನ. ಆ 28 ದಿನ ಒಂದು ಫೋನ್ ಚಾರ್ಜ್ ಆಗಿ ಅಲ್ಲೇ ಗೂಡಿನಲ್ಲಿ ಇರುತ್ತಿತ್ತು. ಪಕ್ಕದಲ್ಲೇ ಗೋಡೆಗೆ ಅಂಟಿಸಿದ ಕಾಗದ, ಆಸ್ಪತ್ರೆಯ ನಂಬರ್, 108, ಪಕ್ಕದ ಮನೆಯ ಜೀಪಿನವನ ನಂಬರ್.